ಗೋದಾಮಿಗೆ ಇಳಿಸಿದ ಮಾಲು ಮಾರಾಟ ಆದ ಮಾಲಲ್ಲ

ಈ ಸಲ ಸ್ವಲ್ಪ ಉದ್ದ ಬರೀತಾ ಇದೀನಿ. ಬಿಡುವಾದಾಗ ಓದಿ. ಮನೆಯಲ್ಲಿ ಲೆಕ್ಕ ಇಡೋರಿಗೂ ಹುಣಸೆ ಬಿಡಿಸೋರಿಗೂ ಓದಿ ಹೇಳಿ.

ತಾಯಲೂರು ಸುತ್ತಮುತ್ತ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. "ಆನ್‌ಲೈನ್ ಕಂಪನಿ ಗೋದಾಮಿಗೆ ಮಾಲು ಹಾಕೋಣ, ದಲ್ಲಾಳಿ ಕಾಟ ತಪ್ಪುತ್ತೆ." ರಾಗಿ ಹಿಟ್ಟು, ಹುರಿಹಿಟ್ಟು, ಬೀಜ ತೆಗೆದ ಹುಣಸೆಹಣ್ಣು, ಕಡಲೆಕಾಯಿ ಬೀಜ, ಇವನ್ನ ಪ್ಯಾಕೆಟ್ ಮಾಡಿ ಕಳಿಸಿದ್ರೆ ಬೆಂಗಳೂರಿನವರು ಫೋನಲ್ಲೇ ಕೊಳ್ತಾರೆ ಅನ್ನೋದು ಆಸೆ. ಆಸೆ ತಪ್ಪಲ್ಲ. ಗೋದಾಮುಗಳು ನಮ್ಮ ಜಿಲ್ಲೆಗೇ ಬಂದಿವೆ. 2021ರಲ್ಲಿ ಫ್ಲಿಪ್‌ಕಾರ್ಟ್ ಕೋಲಾರ ಮತ್ತು ಆನೇಕಲ್ ಕಡೆ ಹೊಸ ಗೋದಾಮು ತೆರೀತು. ಮಾಲೂರು, ಹೊಸಕೋಟೆ ರಸ್ತೆಯಲ್ಲಿ ಹೋಗಿ ಬಂದವರು ಆ ದೊಡ್ಡ ದೊಡ್ಡ ಶೆಡ್ಡುಗಳನ್ನ ನೋಡೇ ಇರ್ತೀರಿ. ಹೆದ್ದಾರಿ ಮುಳಬಾಗಿಲು ಮೇಲೇ ಹೋಗುತ್ತೆ. ದಾರಿ ದೂರ ಇಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಗೋದಾಮಿಗೆ ಮಾಲು ಹಾಕಬಹುದು. ಆದ್ರೆ ಎರಡು ವಿಷಯ ತಲೆಯಲ್ಲಿ ಇಟ್ಕೊಳ್ಳದೆ ಹಾಕಬಾರದು. ಒಂದು, ಗೋದಾಮಿಗೆ ಇಳಿಸಿದ್ದು ಮಾರಾಟ ಅಲ್ಲ. ಎರಡು, ಮಾಲು ತಯಾರು ಮಾಡೋ ಕೂಲಿ ಬೆಲೆಯೊಳಗೆ ಬರದಿದ್ರೆ ಲಾಭ ಅನ್ನೋದು ಬರೀ ಕಣ್ಕಟ್ಟು.

ಮೊದಲನೇದು ನೋಡೋಣ. ವಡ್ಡಹಳ್ಳಿ ಮಾರ್ಕೆಟ್ಟಿಗೋ ಕೋಲಾರದ ಎಪಿಎಂಸಿಗೋ ಟೊಮೇಟೊ ಹಾಕ್ತೀವಿ. 15 ಕೆಜಿ ಕ್ರೇಟು ಇಳೀತು, ಕೂಗಿದ್ರು, ಚೀಟಿ ಬರೆದ್ರು. ರೇಟು ಬಿದ್ದಿರಲಿ, ಎದ್ದಿರಲಿ, ಆ ಹೊತ್ತಿಗೆ ಆ ಮಾಲಿಗೂ ನಮಗೂ ಋಣ ತೀರ್ತು. ನಾಳೆ ಕೊಳೆತ್ರೆ ಅದು ಕೊಂಡವನ ಪಾಡು. ಹುಣಸೆಹಣ್ಣು ಹಿಂದೂಪುರಕ್ಕೆ ಹೋದ್ರೂ ಅಷ್ಟೇ.

ಆನ್‌ಲೈನ್ ಗೋದಾಮು ಹಾಗಲ್ಲ. ಅಲ್ಲಿ ಕಂಪನಿ ನಮ್ಮ ಮಾಲು ಕೊಳ್ಳೋದಿಲ್ಲ, ಜಾಗ ಕೊಡುತ್ತೆ ಅಷ್ಟೆ. ಗಿರಾಕಿ ಒತ್ತಿದಾಗ ಒಂದು ಪ್ಯಾಕೆಟ್ ತೆಗೆದು ಕಳಿಸುತ್ತೆ. ಅದಕ್ಕೆ ಕಮಿಷನ್ನು, ಸಾಗಾಟ, ಇಟ್ಟಿದ್ದಕ್ಕೆ ಬಾಡಿಗೆ ಎಲ್ಲ ಹಿಡ್ಕೊಂಡು ಉಳಿದಿದ್ದು ನಮ್ಮ ಖಾತೆಗೆ. ಮಾರಾಟ ಆಗದೆ ಕೂತಿರೋ ಪ್ಯಾಕೆಟ್ ಇನ್ನೂ ನಮ್ಮದೇ. ತಾರೀಖು ಮುಗಿದ್ರೆ ನಷ್ಟ ನಮ್ಮದೇ. ವಾಪಸ್ ತರಿಸ್ಕೊಳ್ಳೋಕೆ, ಇಲ್ಲ ಅಲ್ಲೇ ಬಿಸಾಕ್ಸೋಕೆ ಸಾಮಾನ್ಯವಾಗಿ ಶುಲ್ಕವನ್ನೂ ನಾವೇ ಕಟ್ಟಬೇಕು. ದಲ್ಲಾಳಿ ಹೋದ ಅಂತ ಖುಷಿ ಪಡ್ತೀವಲ್ಲ, ದಲ್ಲಾಳಿ ಹೊರ್ತಿದ್ದ ಅಪಾಯಾನೂ ಅವನ ಜೊತೆ ಹೋಗಿಲ್ಲ. ಅದು ನಮ್ಮ ಹೆಗಲಿಗೆ ಬಂದಿದೆ.

ಇದನ್ನ ತೆರಿಗೆ ಇಲಾಖೆ ನಮಗಿಂತ ಮುಂಚೆ ಅರ್ಥ ಮಾಡ್ಕೊಂಡಿತ್ತು. 2014ರಲ್ಲಿ ಬೆಂಗಳೂರಿನ ಅಮೆಜಾನ್ ಗೋದಾಮಿನಲ್ಲಿ ಮಾಲಿಟ್ಟ ಮಾರಾಟಗಾರರ ವಿಷಯದಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ತಕರಾರು ಎತ್ತಿತ್ತು. ಯಾರದೋ ಮಾಲು, ಯಾರದೋ ಜಾಗ, ಬಿಲ್ಲು ಯಾರದ್ದು, ತೆರಿಗೆ ಯಾರು ಕಟ್ಟಬೇಕು ಅನ್ನೋದೇ ಜಗಳ. ಇವತ್ತು ಜಿಎಸ್‌ಟಿ ನೋಂದಣಿ ಇರೋನು ಅಂಥ ಗೋದಾಮಿನಲ್ಲಿ ಮಾಲಿಟ್ರೆ ಆ ಗೋದಾಮಿನ ವಿಳಾಸವನ್ನ ತನ್ನ ನೋಂದಣಿಯಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳ ಅಂತ ಸೇರಿಸ್ಬೇಕು. ಅಂದ್ರೆ ಕಾನೂನಿನ ಕಣ್ಣಲ್ಲೂ ಅದು ನಮ್ಮ ಅಂಗಡಿಯ ಇನ್ನೊಂದು ರೂಮು. ಆ ರೂಮಿನ ಬೀಗದ ಕೈ ಮಾತ್ರ ನಮ್ಮ ಹತ್ರ ಇಲ್ಲ.

ಈಗ ಮಾಲು ತಯಾರು ಮಾಡೋ ಕೆಲಸ. ಹೊರಗಿಂದ ನೋಡೋರಿಗೆ "ಪ್ಯಾಕೆಟ್ ಮಾಡೋದು" ಅಂತ ಒಂದೇ ಮಾತು. ಒಳಗೆ ಎಷ್ಟಿದೆ ನೋಡಿ.

ರಾಗಿ ಹಿಟ್ಟನ್ನೇ ತಗೊಳ್ಳಿ. ಕಾಳು ಶುದ್ಧ ಮಾಡ್ಬೇಕು, ಕಲ್ಲು ತೆಗೀಬೇಕು. ತೇವ ಶೇ. 12ರ ಒಳಗೆ ಬರೋತನಕ ಒಣಗಿಸ್ಬೇಕು. ಬೀಸಿದ ತಕ್ಷಣ ತುಂಬಬಾರದು. ಮಿಷನ್ನಿಂದ ಬಂದ ಹಿಟ್ಟು ಬಿಸಿ ಇರುತ್ತೆ. ಬಿಸಿ ಹಿಟ್ಟು ಸೀಲ್ ಮಾಡಿದ್ರೆ ಒಳಗೆ ಬೆವರಿ ಗಂಟು ಕಟ್ಟುತ್ತೆ, ಆಮೇಲೆ ಹುಳ ಬೀಳುತ್ತೆ. ಹರಡಿ, ತಣ್ಣಗಾದ ಮೇಲೆ ತುಂಬಬೇಕು. ಒಂದು ಪ್ಯಾಕೆಟ್ ತಗೊಂಡು ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ಸೀಲ್ ಬಿಟ್ಟುಕೊಂಡ್ರೆ ಆ ಕವರ್ ಬೇಡ. ಗೋದಾಮಿನಲ್ಲಿ ಅದು ಬೀಳದೆ ಇರೋಲ್ಲ.

ತೂಕದ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರ್ಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದು ಸಲ ಹಾಕಿಸ್ಬೇಕು. ಪ್ಯಾಕೆಟ್ ಕಟ್ಟೋರು ಪ್ಯಾಕರ್ ಅಂತ ನೋಂದಣಿ ಮಾಡಿಸ್ಬೇಕು. ಆಹಾರ ಪದಾರ್ಥ ಆದ್ದರಿಂದ ಎಫ್‌ಎಸ್‌ಎಸ್‌ಎಐ ನಂಬರು ಬೇಕು, 14 ಅಂಕಿ. ಲೇಬಲ್ ಮೇಲೆ ಪದಾರ್ಥದ ಹೆಸರು, ಕಟ್ಟಿದವರ ವಿಳಾಸ, ನಿವ್ವಳ ತೂಕ, ಕಟ್ಟಿದ ತಾರೀಖು, ಎಷ್ಟು ದಿನದೊಳಗೆ ಬಳಸ್ಬೇಕು ಅನ್ನೋದು, ಬ್ಯಾಚ್ ನಂಬರು, ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳೋಕೆ ಫೋನ್ ನಂಬರು, ಸಸ್ಯಾಹಾರದ ಹಸಿರು ಗುರುತು ಬರಬೇಕು. ಪೌಷ್ಟಿಕಾಂಶದ ಪಟ್ಟಿ ಯಾವ ಪದಾರ್ಥಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನೋದನ್ನ ಅಚ್ಚು ಹಾಕಿಸೋ ಮುಂಚೆ ಕೇಳಿ ತಿಳ್ಕೊಳ್ಳಿ. ಹತ್ತು ಸಾವಿರ ಕವರ್ ಪ್ರಿಂಟ್ ಆದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಆಮೇಲೆ ಬಾರ್‌ಕೋಡ್. ಗೋದಾಮಿನ ಮಟ್ಟಿಗೆ ಮಾಲು ಅಂದ್ರೆ ಆ ಗೆರೆಗಳೇ. ಒಳಗಿರೋದು ತಾಯಲೂರು ರಾಗಿಯೋ ಮರಳೋ ಅದಕ್ಕೆ ಗೊತ್ತಿಲ್ಲ. ಒಂದು ಪ್ಯಾಕೆಟ್ ಮೇಲೆ ಓದೋಕೆ ಸಿಗೋ ಬಾರ್‌ಕೋಡ್ ಒಂದೇ ಇರ್ಬೇಕು. ಕಂಪನಿ ಕೊಟ್ಟ ಲೇಬಲ್ ಹಚ್ಚೋದಾದ್ರೆ ಹಳೇದು ಪೂರ್ತಿ ಮುಚ್ಚೋ ಹಾಗೆ ಹಚ್ಚಿ. ಸೀಲ್ ಮಡಿಕೆ ಮೇಲೆ, ಮೂಲೆ ಮೇಲೆ, ಸುಕ್ಕಿನ ಮೇಲೆ ಹಚ್ಚಬೇಡಿ, ಮಿಷನ್ ಓದೋದಿಲ್ಲ. ಬಿಸಿಯಲ್ಲಿ ಮೂಡೋ ಥರ್ಮಲ್ ಪೇಪರ್ ಲೇಬಲ್ಲು ಬಿಸಿಲಿಗೆ, ಶಾಖಕ್ಕೆ ಮಾಸುತ್ತೆ. ನಮ್ಮ ಬೇಸಿಗೆಯಲ್ಲಿ ತಗಡಿನ ಶೀಟಿನ ಕೆಳಗೆ ಹಚ್ಚಿದ ಲೇಬಲ್ ಇಟ್ಟರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಡಬ್ಬ ಗಟ್ಟಿ ರಟ್ಟಿಂದು ಇರಲಿ, ಐದು ಪದರದ್ದು. ಬೇರೆ ಕಂಪನಿ ಹೆಸರು, ಹಳೇ ಬಾರ್‌ಕೋಡ್ ಇರೋ ಹಳೇ ಡಬ್ಬ ಬೇಡ. ಒಂದು ಡಬ್ಬದಲ್ಲಿ ಒಂದೇ ಪದಾರ್ಥ, ಒಂದೇ ಬ್ಯಾಚು. ತೂಕ ನಮ್ಮ ಟೊಮೇಟೊ ಕ್ರೇಟಿನಷ್ಟೇ, 15 ಕೆಜಿ ಆಸುಪಾಸು ಇಟ್ರೆ ಎತ್ತೋರ ಸೊಂಟನೂ ಉಳಿಯುತ್ತೆ, ತಳಾನೂ ಕಿತ್ತುಹೋಗಲ್ಲ. ಡಬ್ಬದ ಲೇಬಲ್ ಮುಚ್ಚಳ ಸೇರೋ ಗೆರೆ ಮೇಲೆ ಬೇಡ, ಪಕ್ಕದ ಚಪ್ಪಟೆ ಭಾಗದ ಮೇಲಿರಲಿ. ಯಾವ ಡಬ್ಬದಲ್ಲಿ ಎಷ್ಟು ಅಂತ ಫೋನಲ್ಲಿ ಬರೆದಿದ್ದಕ್ಕೂ ಡಬ್ಬದೊಳಗೆ ಇರೋದಕ್ಕೂ ಒಂದು ಪ್ಯಾಕೆಟ್ ವ್ಯತ್ಯಾಸ ಇರಬಾರದು. ಕೊನೆಗೆ ಗೇಟಿನ ಹೊತ್ತು ಬುಕ್ ಮಾಡ್ಬೇಕು. ಹೊತ್ತು ತಪ್ಪಿದ್ರೆ ಗಾಡಿ ವಾಪಸ್, ಬಾಡಿಗೆ ನಮ್ಮ ಮೇಲೆ.

ಹೋದ ವರ್ಷ ನಾವು ನಾಲ್ಕು ಮನೆಯವರು ಸೇರಿ ಹುಣಸೆಹಣ್ಣು ಕಳಿಸಿದ್ವಿ. ಯಾವ ಕಂಪನಿ ಅಂತ ಇಲ್ಲಿ ಬೇಡ. ಮಾಲು ಇಳಿಸಿದ ಮೂರನೇ ದಿನ ಲೆಕ್ಕದಲ್ಲಿ 18 ಪ್ಯಾಕೆಟ್ ಕಮ್ಮಿ ಅಂತ ಬಂತು. ನಮ್ಮ ಹತ್ರ ಪ್ರತಿ ಡಬ್ಬ ಮುಚ್ಚೋ ಮುಂಚಿನ ಫೋಟೋ, ಮುಚ್ಚಿದ ಮೇಲಿನ ತೂಕ, ಇಬ್ಬರು ಎಣಿಸಿ ಸಹಿ ಹಾಕಿದ ಹಾಳೆ, ಗೇಟಲ್ಲಿ ಕೊಟ್ಟ ರಸೀದಿ ಎಲ್ಲ ಇತ್ತು. ಕಳಿಸಿದ್ವಿ. ಎರಡು ವಾರ ಆದ ಮೇಲೆ ಆ 18 ಪ್ಯಾಕೆಟ್ ಲೆಕ್ಕಕ್ಕೆ ಸೇರ್ತು. ಹಾಳೆ ಇಲ್ಲದೇ ಇದ್ದಿದ್ರೆ ಅಷ್ಟೂ ಗಾಳಿಗೆ. ಅಲ್ಲಿ ಮಾತಾಡೋಕೆ ಮನುಷ್ಯ ಸಿಗೋಲ್ಲ. ಮಂಡಿಯಲ್ಲಿ ಹಾಗಾದ್ರೆ ಜೋರು ಮಾಡ್ತೀವಿ, ನಾಲ್ಕು ಜನ ಸೇರ್ತಾರೆ, ಇತ್ಯರ್ಥ ಆಗುತ್ತೆ. ಗೋದಾಮಿನ ಜೊತೆ ಜಗಳ ಆಡೋಕೆ ಗಂಟಲಿದ್ರೆ ಸಾಲದು, ದಾಖಲೆ ಬೇಕು.

ಈಗ ಕೂಲಿ ಮಾತು. ಮಾದರಿಗೆ ಒಂದು ಲೆಕ್ಕ ಹಾಕ್ತೀನಿ. ಸಂಖ್ಯೆ ನೀವು ನಿಮ್ಮದೇ ಹಾಕ್ಕೊಳ್ಳಿ, ದಾರಿ ಮಾತ್ರ ಇದೇ.

ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಕೆಜಿಗೆ 48 ರೂಪಾಯಿ 86 ಪೈಸೆ. ನಮ್ಮದೇ ರಾಗಿ ಅಂತ ಇದನ್ನ ಸೊನ್ನೆ ಅಂತ ಬರೀಬೇಡಿ. ಮಾರಿದ್ರೆ ಬರ್ತಿದ್ದ ದುಡ್ಡು ಅದು. ಶುದ್ಧ ಮಾಡಿ ಬೀಸೋವಾಗ ಹೋಗೋದು ಸೇರಿಸಿ ಒಂದು ಕೆಜಿ ಹಿಟ್ಟಿಗೆ 51 ರೂಪಾಯಿ 30 ಪೈಸೆ ಇಟ್ಕೊಳ್ಳಿ. ಬೀಸೋಕೆ 5, ಕವರು ಲೇಬಲ್ಲಿಗೆ 6, ಡಬ್ಬದ ಪಾಲು 3, ಗಾಡಿ 4, ಕೂಲಿ 6. ಒಟ್ಟು 75 ರೂಪಾಯಿ 30 ಪೈಸೆ.

ಎಂಆರ್‌ಪಿ 120 ಅಂತ ಇಟ್ರಿ ಅನ್ನಿ. ಬಿಡಿ ಹಿಟ್ಟಿಗೆ ಜಿಎಸ್‌ಟಿ ಇಲ್ಲ. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಹಿಟ್ಟಿಗೆ ಶೇ. 5. ನೋಂದಣಿ ಇದ್ದವರಿಗೆ ಅದು ಹೋಗಿ ಉಳಿಯೋದು 114 ರೂಪಾಯಿ 29 ಪೈಸೆ. ಕಂಪನಿಯ ಕಮಿಷನ್, ಸಾಗಾಟ, ಬಾಡಿಗೆ ಎಲ್ಲ ಸೇರಿ 30 ಅಂತ ಇಟ್ಕೊಂಡ್ರೆ ನಮ್ಮ ಕೈಗೆ 84 ರೂಪಾಯಿ 29 ಪೈಸೆ. ಖರ್ಚು ಕಳೆದ್ರೆ ಪ್ಯಾಕೆಟ್ಟಿಗೆ ಹತ್ರ ಹತ್ರ 9 ರೂಪಾಯಿ.

ಇಲ್ಲೇ ಕಣ್ಕಟ್ಟು ಇರೋದು. ನಮ್ಮಲ್ಲಿ ಬಹಳ ಜನ ಆ 6 ರೂಪಾಯಿ ಕೂಲಿ ಬರೆಯೋದೇ ಇಲ್ಲ. ಯಾಕೆ? ಆಯ್ದು, ಒಣಗಿಸಿ, ತುಂಬಿ, ಸೀಲ್ ಮಾಡಿ, ಲೇಬಲ್ ಹಚ್ಚಿ, ಡಬ್ಬಕ್ಕೆ ಜೋಡಿಸೋರು ಮನೆ ಹೆಂಗಸರು. ಆಗ 9 ಹೋಗಿ 15 ರೂಪಾಯಿ ಲಾಭ ಅಂತ ಕಾಣುತ್ತೆ. ಆ ಹದಿನೈದರಲ್ಲಿ ಆರು ಅಮ್ಮಂದು, ಹೆಂಡ್ತೀದು, ಸೊಸೇದು. 2025-26ರಲ್ಲಿ ನರೇಗಾ ಕೂಲಿಯೇ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ. ಪ್ಯಾಕೆಟ್ಟಿಗೆ 6ರ ಲೆಕ್ಕದಲ್ಲಿ ಒಬ್ಬರು ದಿನಕ್ಕೆ ಅರವತ್ತಕ್ಕಿಂತ ಜಾಸ್ತಿ ಪ್ಯಾಕೆಟ್ ಪೂರ್ತಿ ಮಾಡಿದ್ರೆ ಮಾತ್ರ ಆ ಕೂಲಿ ಗಿಟ್ಟುತ್ತೆ. ಹುಣಸೆಹಣ್ಣಾದ್ರೆ ಓಡು ಬಿಡಿಸಿ, ನಾರು ತೆಗೆದು, ಬೀಜ ಕುಟ್ಟಿ ತೆಗೆಯೋದು ಇನ್ನೂ ನಿಧಾನದ ಕೆಲಸ. ಆ ಬೆರಳುಗಳ ಬಣ್ಣ ನೋಡಿದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಕೂಲಿಯವರು ಮಾಡಿದ್ರೆ ಸಾಯಂಕಾಲಕ್ಕೆ ಎಣಿಸಿ ಕೊಡ್ತೀವಿ. ಮನೆಯವರು ಮಾಡಿದ್ರೆ "ಬಿಡುವಿನ ಕೆಲಸ" ಅಂತೀವಿ. ಅವರ ಬಿಡುವು ಯಾವಾಗ ಅಂತ ಒಂದು ಸಲ ಕೇಳಿ ನೋಡಿ.

ಇನ್ನು ಮಾರಾಟ ಆಗದ ಮಾಲು. 100 ಪ್ಯಾಕೆಟ್ ಕಳಿಸಿ 95 ಮಾರಾಟ ಆದ್ರೆ 95ರ ಲಾಭ 855 ರೂಪಾಯಿ. ಉಳಿದ ಐದರ ಖರ್ಚು 376 ರೂಪಾಯಿ 50 ಪೈಸೆ. ಕೈಯಲ್ಲಿ ಉಳಿಯೋದು 480ರ ಒಳಗೆ. 100ಕ್ಕೆ 11 ಕೂತುಬಿಟ್ರೆ ಅಲ್ಲಿಗೆ ಲಾಭ ಸೊನ್ನೆ, ಕೈಯಿಂದಾನೇ ಹೋಗೋಕೆ ಶುರು. ಅಂದ್ರೆ ಒಂಬತ್ತಕ್ಕೆ ಒಂದು ಪ್ಯಾಕೆಟ್ ಕೆಟ್ರೆ ಇಷ್ಟೆಲ್ಲ ಓಡಾಟ ಬರೀ ಪುಗಸಟ್ಟೆ. ವಾಪಸ್ ಶುಲ್ಕ ಇದರಲ್ಲಿ ಸೇರಿಸೇ ಇಲ್ಲ.

ಹಿಟ್ಟಿನ ವಿಷಯದಲ್ಲಿ ಇದು ದೂರದ ಮಾತಲ್ಲ. 2024ರ ನವೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಕಂಪನಿಗಳಿಗೆ ಒಂದು ಮಾತು ಹೇಳ್ತು. ಆಹಾರ ಪದಾರ್ಥ ಗಿರಾಕಿ ಕೈ ಸೇರೋವಾಗ ಬಾಳಿಕೆಯಲ್ಲಿ ಶೇ. 30 ಇಲ್ಲ ಅವಧಿ ಮುಗಿಯೋಕೆ 45 ದಿನ ಉಳಿದಿರಬೇಕು ಅಂತ. ಗಿರಾಕಿ ಕಡೆಯಿಂದ ನೋಡಿದ್ರೆ ನ್ಯಾಯವಾದ ಮಾತು. ಹಿಟ್ಟಿಗೆ 90 ದಿನ ಅಂತ ಬರೆದಿದ್ದೀವಿ ಅನ್ನಿ. ಕಂಪನಿ 45 ದಿನದ ಲೆಕ್ಕ ಹಿಡಿದ್ರೆ ನಮಗೆ ಸಿಗೋದು ಮೊದಲ 45 ದಿನ. ಬೀಸಿ, ಕಟ್ಟಿ, ಗೇಟಿನ ಹೊತ್ತು ಸಿಕ್ಕಿ, ಇಳಿಸಿ, ಲೆಕ್ಕಕ್ಕೆ ಸೇರೋವಷ್ಟರಲ್ಲಿ ಹದಿನೈದು ದಿನ ಹೋದ್ರೆ ಮಾರಾಟಕ್ಕೆ ಉಳಿಯೋದು ಒಂದು ತಿಂಗಳು. ಪ್ಯಾಕೆಟ್ ಮೇಲೆ ಮೂರು ತಿಂಗಳು ಅಂತ ಇದ್ರೂ ನಮ್ಮ ವ್ಯಾಪಾರದ ಆಯಸ್ಸು ಒಂದೇ ತಿಂಗಳು.

ಹುಡುಗರು ಇದಕ್ಕೆ ಒಂದು ಉತ್ತರ ಹೇಳ್ತಾರೆ. "ಅಣ್ಣಾ, ಮಂಡಿಯಲ್ಲಿ ರೇಟು ಬಿದ್ದಾಗ ಟೊಮೇಟೊ ರಸ್ತೆಗೆ ಸುರೀತೀವಲ್ಲ, ಅದು ನಷ್ಟ ಅಲ್ವಾ? ಇಲ್ಲಿ ಬೆಲೆ ನಾವೇ ಇಡ್ತೀವಿ." ಮಾತಲ್ಲಿ ಸತ್ಯ ಇದೆ. ಬೆಲೆ ನಾವೇ ಬರೆಯೋ ಅವಕಾಶ ನಮ್ಮ ಅಪ್ಪ ತಾತಂದಿರಿಗೆ ಸಿಗಲಿಲ್ಲ. ಅದಕ್ಕೇ ನಾನು ಬೇಡ ಅಂತ ಹೇಳ್ತಾ ಇಲ್ಲ. ಬೆಲೆ ಬರೆಯೋ ಪೆನ್ನು ಕೈಗೆ ಬಂದಾಗ ಕೂಲಿನೂ ಕೆಡೋ ಮಾಲಿನ ನಷ್ಟನೂ ಸೇರಿಸಿ ಬರೀರಿ ಅಂತೀನಿ, ಅಷ್ಟೆ. ಪಕ್ಕದೋನು 99ಕ್ಕೆ ಕೊಡ್ತಾನೆ ಅಂತ ನಾವೂ 99 ಬರೆದ್ರೆ ಆ ಪೆನ್ನು ಇದ್ದೂ ಇಲ್ಲದ ಹಾಗೆ.

ಇನ್ನೊಂದು ದಾರಿ ನಮ್ಮ ಜಿಲ್ಲೆಯವರಿಗೆ ಗೊತ್ತಿರೋದೇ. ಮಾವಿನ ಕಾಲದಲ್ಲಿ ರಾಜ್ಯದ ಮಾವು ಅಭಿವೃದ್ಧಿ ನಿಗಮದ ಕರ್ಸಿರಿ ಜಾಲತಾಣದಲ್ಲಿ ಗಿರಾಕಿ ಮೊದಲು ಆರ್ಡರ್ ಹಾಕ್ತಾನೆ. ಆಮೇಲೆ ರೈತ 3 ಕೆಜಿ ಡಬ್ಬ ಕಟ್ತಾನೆ, ಅಂಚೆಯವರು ಮನೆಗೆ ಮುಟ್ಟಿಸ್ತಾರೆ. ಅಲ್ಲಿ ಮಾರಾಟ ಮೊದಲು, ಪ್ಯಾಕಿಂಗ್ ಆಮೇಲೆ. ಗೋದಾಮಿನಲ್ಲಿ ಪ್ಯಾಕಿಂಗ್ ಮೊದಲು, ಮಾರಾಟ ದೇವರಿಚ್ಛೆ. ಬೇಗ ಕೆಡೋ ಪದಾರ್ಥಕ್ಕೆ ಮೊದಲನೇ ಕ್ರಮವೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದ್ದರಿಂದ ಈ ಸಲ ಸೇರೋ ಯೋಚನೆಯಲ್ಲಿರೋರಿಗೆ ನಾನು ಹೇಳೋದು ಇಷ್ಟು.

ಗೋದಾಮಿಗೆ ಮೊದಲು ಹುಣಸೆಹಣ್ಣು ಕಳಿಸಿ. ಚೆನ್ನಾಗಿ ಒಣಗಿದ ಹಣ್ಣು ತಿಂಗಳುಗಟ್ಟಲೆ ತಡ್ಕೊಳ್ಳುತ್ತೆ. ಒಣ ಹುಣಸೆಗೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿನೂ ಇಲ್ಲ. ರಾಗಿ ಹಿಟ್ಟು ಕಳಿಸ್ಲೇಬೇಕು ಅಂದ್ರೆ ಹದಿನೈದು ದಿನಕ್ಕೆ ಎಷ್ಟು ಖರ್ಚಾಗುತ್ತೋ ಅಷ್ಟೇ ಕಳಿಸಿ. ಗಾಡಿ ತುಂಬ್ಲಿ ಅಂತ ಹಿಟ್ಟು ಬೀಸಬೇಡಿ. ರಾಗಿ ಕಾಳಾಗಿದ್ರೆ ವರ್ಷಗಟ್ಟಲೆ ಇರುತ್ತೆ, ಹಿಟ್ಟಾದ್ರೆ ದಿನ ಎಣಿಸೋಕೆ ಶುರು.

ಒಬ್ಬೊಬ್ಬರೇ ನೋಂದಣಿ, ಒಬ್ಬೊಬ್ಬರೇ ಪ್ರಿಂಟರ್ ಬೇಡ. ರೈತ ಉತ್ಪಾದಕ ಸಂಸ್ಥೆಯೋ ಮಹಿಳಾ ಸಂಘವೋ ಒಂದು ಹೆಸರಲ್ಲಿ ಮಾಡಿ. ಒಂದು ಕೋಣೆ, ಒಂದು ಮುದ್ರೆಯ ತಕ್ಕಡಿ, ಒಂದು ಸೀಲ್ ಮಿಷನ್, ಒಂದು ಪುಸ್ತಕ. ಕಿರು ಆಹಾರ ಸಂಸ್ಕರಣೆಗೆ 2020ರಲ್ಲಿ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಶುರುವಾಯ್ತು. ಕೇಂದ್ರದ ಶೇ. 35ಕ್ಕೆ ರಾಜ್ಯ ಶೇ. 15 ಸೇರಿಸಿ ಸಾಲಕ್ಕೆ ಸಹಾಯಧನ ಇಟ್ಟಿದ್ರು. ನಮ್ಮ ರಾಜ್ಯದಲ್ಲಿ ಅದನ್ನ ನೋಡ್ಕೊಳ್ಳೋದು ಕೆಪೆಕ್. ಈಗ ಅರ್ಜಿ ತಗೊಳ್ತಾರಾ ಅಂತ ಮುಳಬಾಗಿಲಿನ ಕೃಷಿ ಇಲಾಖೆಯಲ್ಲಿ ಕೇಳಿ, ಆಮೇಲೆ ಮಿಷನ್ ಕೊಳ್ಳಿ.

ಜಿಎಸ್‌ಟಿ ವಿಷಯ ಸಹಿ ಹಾಕೋ ಮುಂಚೆ ಲೆಕ್ಕಿಗರ ಹತ್ರ ಕೂತು ಕೇಳಿ. ಹೊಲದಲ್ಲಿ ಬೆಳೆದಿದ್ದನ್ನ ಹಾಗೇ ಮಾರೋ ರೈತನಿಗೆ ನೋಂದಣಿ ಬೇಡ. ಬೀಸಿ ಪೊಟ್ಟಣ ಕಟ್ಟಿದ್ರೆ ಅದು ವ್ಯಾಪಾರ. ಸಣ್ಣ ವ್ಯಾಪಾರಿಗಳು ಒಂದೇ ರಾಜ್ಯದೊಳಗೆ ಆನ್‌ಲೈನ್ ಮಾರೋದಾದ್ರೆ 2023ರ ಅಕ್ಟೋಬರ್ 1ರಿಂದ ಸ್ವಲ್ಪ ಸಡಿಲಿಕೆ ಇದೆ. ಆದ್ರೆ ನಾವಿರೋದು ಗಡಿಯಲ್ಲಿ. ಆಂಧ್ರಕ್ಕೋ ತಮಿಳುನಾಡಿಗೋ ಒಂದು ಪ್ಯಾಕೆಟ್ ಹೋದ್ರೂ ಆ ಸಡಿಲಿಕೆ ಇಲ್ಲ.

ಡಬ್ಬ ಮುಚ್ಚೋ ಮುಂಚೆ ಫೋಟೋ, ಮುಚ್ಚಿದ ಮೇಲೆ ತೂಕ, ಇಬ್ಬರ ಸಹಿ, ಗೇಟಿನ ರಸೀದಿ. ಇದು ಒಂದು ಸಲವೂ ತಪ್ಪಬಾರದು.

ಕೊನೇದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಪ್ಯಾಕಿಂಗ್ ಕೂಲಿಯನ್ನ ಮಾರಾಟ ಆದ ಮೇಲಲ್ಲ, ಪ್ಯಾಕಿಂಗ್ ಆದ ದಿನವೇ ಕೊಡಿ. ಮನೆಯವರಿಗೂ ಸೇರಿಸಿ, ಅವರವರ ಖಾತೆಗೇ ಹಾಕಿ. ಅಷ್ಟು ದುಡ್ಡು ಕೈಯಲ್ಲಿಲ್ಲ ಅಂದ್ರೆ ಅಷ್ಟು ಪ್ಯಾಕೆಟ್ ಮಾಡಬೇಡಿ. ಕೂಲಿ ಕೊಟ್ಟು ಮಾಡಿದಾಗ ಲೆಕ್ಕ ತಾನಾಗೇ ಸರಿಯಾಗುತ್ತೆ, ಎಷ್ಟು ಕಳಿಸ್ಬೇಕು ಅನ್ನೋ ಬುದ್ಧಿನೂ ಬರುತ್ತೆ. ಪುಕ್ಕಟೆ ಕೆಲಸ ಸಿಗೋತನಕ ಯಾವ ಬೆಲೆಗೆ ಕೊಟ್ರೂ ಲಾಭ ಅನ್ನಿಸುತ್ತೆ. ಕಂಪನಿ ಕಮಿಷನ್ನಿನ ಬಗ್ಗೆ ನಾವು ಎಷ್ಟು ಜೋರಾಗಿ ಮಾತಾಡ್ತೀವೋ ಅಷ್ಟೇ ಜೋರಾಗಿ ಈ ಆರು ರೂಪಾಯಿ ಬಗ್ಗೆನೂ ಮಾತಾಡ್ಬೇಕು.

ನಿಮ್ಮ ಮನೆ ಲೆಕ್ಕ ಬೇರೆ ಇದ್ರೆ ಕೆಳಗೆ ಬರೀರಿ. ರಾಗಿ, ಹುಣಸೆ, ಕಡಲೆಕಾಯಿ ಯಾವುದಾದ್ರೂ ಸರಿ, ಕೂಲಿ ಸೇರಿಸಿ ಬರೀರಿ. ಈ ಹುಣಸೆ ಕಾಲ ಶುರುವಾಗೋ ಮುಂಚೆ ನಾಲ್ಕು ಮನೆ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಾವ ಬೆಲೆಗಿಂತ ಕೆಳಗೆ ಇಳೀಬಾರದು ಅನ್ನೋದು ನಮಗೇ ತಿಳಿಯುತ್ತೆ.